ಮಡಚಬಲ್ಲ ಬೆಳಕಿನ ಸೆನ್ಸರ್: ಊರಿಗೆ ಕಳಿಸುವ ವಾಚಿನ ಮುಂದಿನ ಅವತಾರ

ಗಲ್ಫ್‌ನಿಂದ ಊರಿಗೆ ಬರುವ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎನ್ನುವುದು ಕರಾವಳಿಯ ಮನೆಗಳಿಗೆ ಬಾಯಿಪಾಠ. ಒಂದು ಕಾಲಕ್ಕೆ ಟೇಪ್ ರೆಕಾರ್ಡರ್, ದೊಡ್ಡ ಟಾರ್ಚು, ಟ್ಯಾಂಗ್ ಡಬ್ಬಿ, ಸೆಂಟಿನ ಬಾಟಲಿ. ಈಗ ಆ ಜಾಗಕ್ಕೆ ಸ್ಮಾರ್ಟ್‌ವಾಚ್ ಬಂದಿದೆ. ದುಬೈಯ ಮಗ, ಡಲ್ಲಾಸ್‌ನ ಮಗಳು, ಮೆಲ್ಬರ್ನ್‌ನ ಅಳಿಯ ರಜೆಗೆ ಬಂದಾಗ ಹಿರಿಯರ ಕೈಗೆ ಕಟ್ಟಿ ಹೋಗುವುದು ಇದನ್ನೇ. ಆಮೇಲೆ ವಾರಕ್ಕೊಮ್ಮೆಯಾದರೂ ಫೋನು: ‘ಅಪ್ಪಾ, ನಿನ್ನೆ ರಾತ್ರಿ ನಿಮ್ಮ ಆಕ್ಸಿಜನ್ 91 ತೋರಿಸ್ತಿದೆ, ಡಾಕ್ಟ್ರ ಹತ್ರ ಹೋಗಿ ಬನ್ನಿ’.

ಆ 91 ಎಷ್ಟು ನಂಬಲು ಯೋಗ್ಯ ಎಂಬುದು ವಾಚಿನ ಹಿಂಬದಿಯಲ್ಲಿರುವ ಎಳ್ಳುಕಾಳಿನ ಗಾತ್ರದ ಒಂದು ಚೂರನ್ನು ಅವಲಂಬಿಸಿದೆ. ಅದು ಬೆಳಕಿನ ಸೆನ್ಸರ್. ಈ ಪುಟ್ಟ ಚೂರಿಗೆ ಬದಲಿ ಹುಡುಕುವ ಪೈಪೋಟಿ ಸಿಂಗಪುರ, ಮ್ಯಾಂಚೆಸ್ಟರ್, ಬಾರ್ಸಿಲೋನಾ, ಜರ್ಮನಿಯ ಆಕೆನ್, ಸೌದಿಯ ತುವಲ್ ಮತ್ತು ನಮ್ಮ ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಹತ್ತು ಹದಿನೈದು ವರ್ಷಗಳಿಂದ ನಡೆದಿದೆ. ಹೊಸ ಸೆನ್ಸರ್ ಬ್ಯಾಂಡೇಜಿನಂತೆ ಚರ್ಮಕ್ಕೆ ಅಂಟುತ್ತದೆ, ಬಾಗುತ್ತದೆ, ಹೆಚ್ಚುಕಡಿಮೆ ಕಣ್ಣಿಗೆ ಕಾಣದಷ್ಟು ತೆಳ್ಳಗಿರುತ್ತದೆ. ಹೊರದೇಶದಲ್ಲಿ ದುಡಿಯುವವರ ಮನೆಗಳಿಗೆ ಇದು ಮೂರು ದಾರಿಯಿಂದ ಬಂದು ತಟ್ಟಲಿದೆ: ಊರಲ್ಲಿರುವ ತಂದೆತಾಯಿಯ ಆರೋಗ್ಯ, ಬಿಸಿಲಲ್ಲಿ ದುಡಿಯುವ ಮಗನ ನೌಕರಿ, ಮತ್ತು ಇದೇ ವಿಷಯ ಓದಲು ವಿಮಾನ ಹತ್ತುವ ಮಕ್ಕಳ ಭವಿಷ್ಯ.

ಹಸಿರು ದೀಪ ಮಾಡುವ ಕೆಲಸ

ಮೊದಲು ಈಗಿನ ವಾಚಿನ ವಿಷಯ. ಮಣಿಕಟ್ಟಿನಿಂದ ವಾಚನ್ನು ಸ್ವಲ್ಪ ಎತ್ತಿ ನೋಡಿದರೆ ಹಸಿರು ದೀಪ ಮಿಣುಕುವುದು ಕಾಣುತ್ತದೆ. ಆ ಬೆಳಕು ಚರ್ಮದೊಳಗೆ ಇಳಿಯುತ್ತದೆ. ಒಂದಿಷ್ಟನ್ನು ರಕ್ತ ಹೀರಿಕೊಳ್ಳುತ್ತದೆ, ಉಳಿದದ್ದರಲ್ಲಿ ಒಂದು ಪಾಲು ಚದುರಿ ವಾಪಸು ಬರುತ್ತದೆ. ಹೃದಯ ಬಡಿದಾಗಲೆಲ್ಲ ರಕ್ತನಾಳ ಉಬ್ಬುತ್ತದೆ, ವಾಪಸು ಬರುವ ಬೆಳಕು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿಬಡಿತ ಸಿಕ್ಕಿತು. ಆಮ್ಲಜನಕದ ಲೆಕ್ಕಕ್ಕೆ ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬೇಕು. ಆಮ್ಲಜನಕ ತುಂಬಿದ ರಕ್ತ ಮತ್ತು ಖಾಲಿಯಾದ ರಕ್ತ ಈ ಎರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ ಕಂಡುಕೊಂಡ ಈ ತತ್ವವೇ ಕೋವಿಡ್ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರಿನ ಒಳಗಿರುವುದು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಉಪಕರಣವನ್ನು ಹುಡುಕುತ್ತಿದ್ದಾಗ.

ವಾಪಸು ಬಂದ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುವ ಚೂರು ಸಿಲಿಕಾನ್‌ನದು. ಸಿಲಿಕಾನ್ ಅಗ್ಗ, ಗಟ್ಟಿ, ಅರವತ್ತು ವರ್ಷಕ್ಕೂ ಹೆಚ್ಚು ಕಾಲದ ಅನುಭವ ಅದರ ಬೆನ್ನಿಗಿದೆ. ಅದಕ್ಕೆ ಎರಡು ದೌರ್ಬಲ್ಯ. ಬೆಳಕನ್ನು ಹೀರುವುದರಲ್ಲಿ ಅದು ಸೋಮಾರಿ, ಹಾಗಾಗಿ ದಪ್ಪ ಇರಬೇಕು. ದಪ್ಪ ಇದ್ದರೆ ಬಾಗುವುದಿಲ್ಲ. ಮನುಷ್ಯನ ಮಣಿಕಟ್ಟು ಚಪ್ಪಟೆಯಲ್ಲ. ಅಜ್ಜಿಯ ಸಣಕಲು ಕೈಯಲ್ಲಿ ವಾಚು ಜಾರುತ್ತದೆ, ಎಲುಬಿನ ಮೇಲೆ ಕೂರುತ್ತದೆ, ಚರ್ಮಕ್ಕೂ ಗಾಜಿಗೂ ನಡುವೆ ಸಂದಿ ಬೀಳುತ್ತದೆ. ಆ ಸಂದಿಯಿಂದ ಹೊರಗಿನ ಬೆಳಕು ಒಳನುಗ್ಗಿದರೆ ಲೆಕ್ಕ ಕೆಡುತ್ತದೆ. ನಡುರಾತ್ರಿ ತೋರಿಸುವ ವಿಚಿತ್ರ ಅಂಕಿಗಳಲ್ಲಿ ಎಷ್ಟೋ ಇಂಥ ಸಂದಿಯ ಕೂಸುಗಳು.

ನೀರುದೋಸೆಯ ನ್ಯಾಯ

ತೆಳ್ಳಗಾದರೆ ಏಕೆ ಬಾಗುತ್ತದೆ? ಜೋಳದ ಕಟಕು ರೊಟ್ಟಿ ಮಡಚಲು ಹೋದರೆ ಮುರಿಯುತ್ತದೆ, ನೀರುದೋಸೆಯನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಹಾಕಬಹುದು. ದೋಸೆಯ ಮೆತ್ತಗಿನ ಗುಣ ಒಂದು ಕಾರಣ, ಇನ್ನೊಂದು ಅದರ ತೆಳುತನ. ಯಾವುದೇ ಹಾಳೆಯನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವಿಕೆ ಎಷ್ಟೆಂದರೆ ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ಮಿಲಿಮೀಟರಿನ ಐದನೇ ಒಂದು ಭಾಗ ದಪ್ಪದ ಸಿಲಿಕಾನ್ ಬಿಲ್ಲೆಯನ್ನು ಐದು ಮಿಲಿಮೀಟರ್ ತ್ರಿಜ್ಯಕ್ಕೆ, ಅಂದರೆ ಕಿರುಬೆರಳಿನಷ್ಟು ಸುತ್ತಿಗೆ ಬಗ್ಗಿಸಿದರೆ ಹೊರಮೈ ಶೇ 2ರಷ್ಟು ಹಿಗ್ಗಬೇಕಾಗುತ್ತದೆ. ಅಷ್ಟು ತಾಳದೆ ಒಡೆಯುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗದ ಪ್ಲಾಸ್ಟಿಕ್ ಹಾಳೆಯ ಮೇಲೆ ಸೆನ್ಸರನ್ನು ಕೂರಿಸಿದರೆ ಅದೇ ಬಾಗಿಗೆ ಹಿಗ್ಗುವಿಕೆ ಶೇ 0.1 ಮಾತ್ರ. ಅದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಪ್ಲಾಸ್ಟಿಕ್ಕಿನ ಮೇಲೆ ಕೂರುವಷ್ಟು ತೆಳ್ಳಗಿದ್ದೂ ಬೆಳಕನ್ನು ಚೆನ್ನಾಗಿ ಹಿಡಿಯುವ ವಸ್ತು ಬೇಕು. ಇಲ್ಲಿಂದ ಕಥೆ 2004ರ ಮ್ಯಾಂಚೆಸ್ಟರಿಗೆ ಹೋಗುತ್ತದೆ. ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನು ಅಂಟುಟೇಪಿನಿಂದ ಪದರ ಪದರವಾಗಿ ಕಿತ್ತು, ಒಂದೇ ಒಂದು ಅಣುವಿನ ದಪ್ಪದ ಇಂಗಾಲದ ಹಾಳೆಯನ್ನು ಬೇರ್ಪಡಿಸಿದರು. ಹೆಸರು ಗ್ರಾಫೀನ್. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಬ್ಬರೂ ರಷ್ಯಾದಲ್ಲಿ ಹುಟ್ಟಿ, ನೆದರ್ಲೆಂಡ್ಸ್ ಮೂಲಕ ಇಂಗ್ಲೆಂಡಿಗೆ ಬಂದವರು. ವಲಸೆ ಹೋದವರ ಪುಟಕ್ಕೆ ಈ ಮಾತು ತಕ್ಕದ್ದೇ.

ಗ್ರಾಫೀನಿನಲ್ಲಿ ವಿದ್ಯುತ್ ನೀರಿನಂತೆ ಹರಿಯುತ್ತದೆ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಅದು ಹಿಡಿಯುವುದು ಮಾತ್ರ ಶೇ 2.3. ಒಂದು ಅಣುವಿನ ದಪ್ಪಕ್ಕೆ ಅದು ದೊಡ್ಡದೇ, ಆದರೆ ಸೆನ್ಸರಿಗೆ ಸಾಲದು. ಇದೇ ಬಳಗದ ಇನ್ನೊಂದು ಹಾಳೆ ಮಾಲಿಬ್ಡಿನಂ ಡೈಸಲ್ಫೈಡ್. ಹೆಸರು ಕೇಳಿ ಗಾಬರಿ ಬೇಡ. ಯಂತ್ರಗಳಿಗೆ ಹಾಕುವ ಕಪ್ಪು ಗ್ರೀಸಿನಲ್ಲಿ ಇದು ಹಿಂದಿನಿಂದಲೂ ಇದೆ. ಒಂದು ಪದರದ ದಪ್ಪ 0.65 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪ ಬರಬೇಕಾದರೆ ಒಂದು ಲಕ್ಷಕ್ಕೂ ಹೆಚ್ಚು ಪದರಗಳನ್ನು ಪೇರಿಸಬೇಕು. ಇದು ಬೆಳಕನ್ನು ಹಿಡಿಯಬಲ್ಲದು, ಆದರೆ ಇದರಲ್ಲಿ ವಿದ್ಯುತ್ತಿನ ಓಟ ನಿಧಾನ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಇದರ ಒಂದೇ ಪದರದಿಂದ ಬೆಳಕಿನ ಸೆನ್ಸರ್ ಮಾಡಿ ತೋರಿಸಿತು. ಸ್ವಿಟ್ಜರ್ಲೆಂಡಿನ ಲೋಸಾನ್ ತಂಡ ಮರುವರ್ಷ ಅದರ ಸೂಕ್ಷ್ಮತೆಯನ್ನು ಸಾವಿರಾರು ಪಟ್ಟು ಹೆಚ್ಚಿಸಿತು.

ಓಡುವವನಿಗೆ ಕಣ್ಣಿಲ್ಲ, ಕಣ್ಣಿದ್ದವನಿಗೆ ಓಟವಿಲ್ಲ. ಹಾಗಾದರೆ ಎರಡನ್ನೂ ಜೋಡಿಸಿ ಎಂಬುದೇ ‘ಹೈಬ್ರಿಡ್’ ಎಂಬ ಮಾತಿನ ಹುರುಳು. ಕೆಳಗೆ ಓಡುವ ಗ್ರಾಫೀನ್, ಮೇಲೆ ಬೆಳಕು ಹಿಡಿಯುವ ಇನ್ನೊಂದು ಪದರ. ಬೆಳಕು ಬಿದ್ದಾಗ ಮೇಲಿನ ಪದರದಲ್ಲಿ ಹುಟ್ಟಿದ ಜೋಡಿ ವಿದ್ಯುತ್ ಕಣಗಳಲ್ಲಿ ಒಂದು ಮೇಲೆಯೇ ಸಿಕ್ಕಿಬೀಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಸಿಕ್ಕಿಬಿದ್ದ ಕಣ ನಾಲೆಯ ತೂಬು ಎತ್ತಿ ಹಿಡಿದ ನೀರುಗಂಟಿಯಂತೆ. ಅವನು ಕೈಬಿಡುವವರೆಗೂ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ಒಂದೇ ಬೆಳಕಿನ ಕಣಕ್ಕೆ ಲಕ್ಷಾಂತರ ವಿದ್ಯುತ್ ಕಣಗಳು ಹರಿದು ಹೋಗುವುದು ಹೀಗೆ.

ಬೆಂಗಳೂರಿನಲ್ಲಿ ಆದದ್ದು

ಇದರ ಅತ್ಯಂತ ಗಮನಾರ್ಹ ಪ್ರಯೋಗಗಳಲ್ಲಿ ಒಂದು ನಡೆದದ್ದು ಮಲ್ಲೇಶ್ವರದ ಪಕ್ಕದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅರಿಂದಮ್ ಘೋಷ್ ಮತ್ತು ಶ್ರೀನಿವಾಸನ್ ರಾಘವನ್ ಅವರ ತಂಡ ಗ್ರಾಫೀನ್ ಮತ್ತು ಮಾಲಿಬ್ಡಿನಂ ಡೈಸಲ್ಫೈಡನ್ನು ಒಂದರ ಮೇಲೊಂದು ಕೂರಿಸಿ ಮಾಡಿದ ಸೆನ್ಸರಿನ ವಿವರ 2013ರಲ್ಲಿ ‘ನೇಚರ್ ನ್ಯಾನೊಟೆಕ್ನಾಲಜಿ’ಯಲ್ಲಿ ಪ್ರಕಟವಾಯಿತು. ಸಾಮಾನ್ಯ ಸಿಲಿಕಾನ್ ಸೆನ್ಸರ್ ಒಂದು ವ್ಯಾಟ್ ಬೆಳಕಿಗೆ ಸುಮಾರು ಅರ್ಧ ಆಂಪಿಯರ್ ವಿದ್ಯುತ್ ಕೊಡುತ್ತದೆ. ಇವರ ಸೆನ್ಸರಿನ ಅಂಕಿ ಮಾಮೂಲಿ ತಾಪಮಾನದಲ್ಲಿ 50 ಕೋಟಿ ಆಂಪಿಯರ್.

ಇಂಥ ಅಂಕಿ ಕಂಡಾಗ ಒಂದು ಎಚ್ಚರ ಬೇಕು. ಆ ಪುಟ್ಟ ಚೂರಿನಲ್ಲಿ 50 ಕೋಟಿ ಆಂಪಿಯರ್ ಹರಿಯುತ್ತದೆ ಎಂದು ಇದರ ಅರ್ಥವಲ್ಲ. ಇದು ಅತಿ ಮಂದ ಬೆಳಕಿನಲ್ಲಿ ಅಳೆದ ಅನುಪಾತ. ಬೆಳಕು ಹೆಚ್ಚಾದಂತೆ ಇಳಿಯುತ್ತದೆ. ಮೇಲಾಗಿ ನೀರುಗಂಟಿ ಎಷ್ಟು ಹೊತ್ತು ತೂಬು ಹಿಡಿದಿರುತ್ತಾನೋ ಅಷ್ಟು ಹೊತ್ತು ಸೆನ್ಸರ್ ‘ಬೆಳಕಿದೆ’ ಎಂದೇ ಹೇಳುತ್ತಿರುತ್ತದೆ. ಬೆಂಗಳೂರಿನ ಸೆನ್ಸರ್ ಬೆಳಕನ್ನು ಬಹಳ ಹೊತ್ತು ನೆನಪಿಟ್ಟುಕೊಳ್ಳುತ್ತಿತ್ತು. ಅದನ್ನೇ ಗುಣವಾಗಿ ಬಳಸಿ ಅವರು ಅದನ್ನು ಬೆಳಕಿನ ಮೆಮೊರಿ ಎಂದೂ ತೋರಿಸಿದರು. ಸೂಕ್ಷ್ಮತೆ ಬೇಕೆಂದರೆ ವೇಗ ಬಿಡಬೇಕು, ವೇಗ ಬೇಕೆಂದರೆ ಸೂಕ್ಷ್ಮತೆ. ಈ ಜಗ್ಗಾಟ ಇಂದಿಗೂ ಮುಗಿದಿಲ್ಲ. ‘ಕೋಟಿ ಪಟ್ಟು ಉತ್ತಮ’ ಎಂದು ಬರುವ ಸುದ್ದಿಗಳು ಸಾಮಾನ್ಯವಾಗಿ ಈ ಅರ್ಧವನ್ನು ಹೇಳುವುದಿಲ್ಲ.

ನಾಡಿಬಡಿತಕ್ಕೆ ಅಂಥ ಮಿಂಚಿನ ವೇಗವೇನೂ ಬೇಡ. ಸೆಕೆಂಡಿಗೆ ಒಂದೆರಡು ಬಡಿತ. ಹಾಗಾಗಿಯೇ ಬಾರ್ಸಿಲೋನಾದ ಫೋಟಾನಿಕ್ಸ್ ಸಂಸ್ಥೆ ಇದನ್ನೇ ಮೊದಲ ಗುರಿ ಮಾಡಿಕೊಂಡಿತು. ಅವರು ಮಾಲಿಬ್ಡಿನಂ ಬದಲು ಸೀಸದ ಸಲ್ಫೈಡಿನ ಅತಿಸಣ್ಣ ಹರಳುಗಳನ್ನು ಗ್ರಾಫೀನಿನ ಮೇಲೆ ಹರಡಿದರು. 2019ರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡಿದ ಪಾರದರ್ಶಕ ಪಟ್ಟಿಯಿಂದ ನಾಡಿಬಡಿತ, ಉಸಿರಾಟ, ಆಮ್ಲಜನಕದ ಮಟ್ಟ ಅಳೆದು ತೋರಿಸಿದರು. ಕೋಣೆಯ ಬೆಳಕಿನಲ್ಲೇ ಅದು ಕೆಲಸ ಮಾಡಬಲ್ಲದು, ಒಳಗೆ ದೀಪವೇ ಬೇಡ. ದೀಪ ಇಲ್ಲವೆಂದರೆ ಬ್ಯಾಟರಿ ಖರ್ಚು ತೀರಾ ಕಡಿಮೆ. ಎರಡು ದಿನಕ್ಕೊಮ್ಮೆ ಚಾರ್ಜಿಗೆ ಹಾಕಲು ಮರೆಯುವ ಹಿರಿಯರಿಗೆ, ಕರೆಂಟು ಹೋಗಿ ಬರುವ ಊರುಗಳಿಗೆ, ನನ್ನ ಮಟ್ಟಿಗೆ ಇದು ಸೂಕ್ಷ್ಮತೆಯ ದೊಡ್ಡ ಅಂಕಿಗಿಂತ ದೊಡ್ಡ ಸುದ್ದಿ.

ಚಿರೋಟಿಯಂಥ ಹರಳು

ಇನ್ನೊಂದು ಬಗೆಯ ಹೈಬ್ರಿಡ್ ಇದೆ. ಈಚಿನ ವರ್ಷಗಳಲ್ಲಿ ಹೆಚ್ಚು ಸದ್ದು ಮಾಡುತ್ತಿರುವುದು ಅದೇ. ಪೆರೊವ್‌ಸ್ಕೈಟ್ ಎಂಬ ಹೆಸರಿನ ಹರಳನ್ನು 1839ರಲ್ಲಿ ರಷ್ಯಾದ ಉರಲ್ ಬೆಟ್ಟಗಳ ಖನಿಜದಲ್ಲಿ ಗುರುತಿಸಿದ್ದರು. ಅದೇ ರಚನೆಯಲ್ಲಿ ಸೀಸ, ಅಯೋಡಿನ್ ಮತ್ತು ಇಂಗಾಲಯುಕ್ತ ಅಣುಗಳನ್ನು ಕೂಡಿಸಿದರೆ ಬೆಳಕನ್ನು ಆಸೆಬುರುಕರಂತೆ ಹೀರುವ ವಸ್ತು ಸಿಗುತ್ತದೆ. ಜಪಾನಿನ ತ್ಸುತೊಮು ಮಿಯಾಸಾಕಾ 2009ರಲ್ಲಿ ಇದರಿಂದ ಸೌರಕೋಶ ಮಾಡಿದಾಗ ಅದರ ದಕ್ಷತೆ ಶೇ 3.8 ಇತ್ತು, ಈಗ ಪ್ರಯೋಗಾಲಯದಲ್ಲಿ ಶೇ 26 ದಾಟಿದೆ. ಸೌರಕೋಶಕ್ಕೆ ಒಗ್ಗುವುದು ಸೆನ್ಸರಿಗೂ ಒಗ್ಗುತ್ತದೆ, ಎರಡೂ ಬೆಳಕನ್ನು ವಿದ್ಯುತ್ತು ಮಾಡುವ ಕಸುಬೇ.

ಇದರ ಶತ್ರು ತೇವ. ಒಂದಿಷ್ಟು ಹಸಿ ಗಾಳಿ ತಗುಲಿದರೆ ಹರಳು ಕರಗಿ ಹಳದಿಯಾಗುತ್ತದೆ. ಅದಕ್ಕೆ ಕಂಡುಕೊಂಡ ಉಪಾಯವೇ ಪದರಗಟ್ಟಿದ ಪೆರೊವ್‌ಸ್ಕೈಟ್. ಚಿರೋಟಿ ಲಟ್ಟಿಸುವಾಗ ಪದರಗಳ ನಡುವೆ ತುಪ್ಪ ಹಿಟ್ಟಿನ ಸಾಟಿ ಸವರುತ್ತೇವಲ್ಲ, ಹಾಗೆ. ಸೀಸ ಅಯೋಡಿನ್‌ನ ತೆಳು ಹಾಳೆ, ನಡುವೆ ಎಣ್ಣೆಯ ಗುಣದ ಉದ್ದನೆಯ ಸಾವಯವ ಅಣುಗಳ ಸಾಲು, ಮತ್ತೆ ಹಾಳೆ. ಎಣ್ಣೆ ಗುಣದ ಪದರ ನೀರನ್ನು ಒಳಬಿಡುವುದಿಲ್ಲ, ಬಗ್ಗಿಸಿದಾಗ ಒತ್ತಡವನ್ನೂ ಒಂದಿಷ್ಟು ತಾಳಿಕೊಳ್ಳುತ್ತದೆ. ತಯಾರಿಯೂ ಸುಲಭ: ದ್ರಾವಣ ಮಾಡಿ, ಶಾಯಿಯಂತೆ ಹರಡಿ, ನೂರು ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರಾಯಿತು. ಸಿಲಿಕಾನ್‌ಗೆ ಬೇಕಾದ ಸಾವಿರ ಡಿಗ್ರಿಯ ಕುಲುಮೆ ಬೇಡ, ಹಾಗಾಗಿ ಪ್ಲಾಸ್ಟಿಕ್ ಹಾಳೆ ಕರಗುವುದಿಲ್ಲ.

ಗಲ್ಫ್‌ಗೆ ಹೊರಟವರೆಲ್ಲ ಎದೆಯ ಎಕ್ಸ್‌ರೇ ತೆಗೆಸಿಕೊಂಡೇ ಹೋಗಿರುತ್ತಾರೆ. ಆ ಎಕ್ಸ್‌ರೇ ಫಲಕಕ್ಕೂ ಈ ವಸ್ತು ಬರಬಹುದು. ಸೀಸ ಭಾರದ ಧಾತು, ಎಕ್ಸ್‌ರೇಯನ್ನು ಚೆನ್ನಾಗಿ ತಡೆದು ಹಿಡಿಯುತ್ತದೆ. ಕಡಿಮೆ ಪ್ರಮಾಣದ ಕಿರಣದಲ್ಲೇ ಚಿತ್ರ ಮೂಡುತ್ತದೆ. ಕೊರಿಯಾದ ಸ್ಯಾಮ್‌ಸಂಗ್ ಸಂಶೋಧಕರು 2017ರಲ್ಲೇ ಇಂಥ ದೊಡ್ಡ ಫಲಕವನ್ನು ಮಾಡಿ ತೋರಿಸಿದ್ದರು.

ಅಂಗಡಿಗೆ ಏಕೆ ಬಂದಿಲ್ಲ

ಇಷ್ಟೆಲ್ಲ ಗುಣವಿದ್ದರೆ ಅಂಗಡಿಯಲ್ಲಿ ಏಕಿಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಒಂದು ಸೆನ್ಸರ್ ಚೆನ್ನಾಗಿ ಮಾಡುವುದು ಬೇರೆ, ಒಂದು ಕೋಟಿ ಸೆನ್ಸರನ್ನು ಒಂದೇ ತೂಕದಲ್ಲಿ ಮಾಡುವುದು ಬೇರೆ. ಅಣುವಿನ ದಪ್ಪದ ಹಾಳೆಯನ್ನು ಬಿಲ್ಲೆಯಗಲ ಬೆಳೆಸಿ, ಸುಕ್ಕು, ತೂತು, ಧೂಳಿಲ್ಲದೆ ಪ್ಲಾಸ್ಟಿಕ್ಕಿಗೆ ವರ್ಗಾಯಿಸುವುದು ಹಪ್ಪಳವನ್ನು ಚಾಪೆಯಿಂದ ಹರಿಯದೆ ಎಬ್ಬಿಸಿದಂತೆ. ಯುರೋಪ್ ಒಕ್ಕೂಟ ಗ್ರಾಫೀನ್ ಯೋಜನೆಗೆ 2013ರಿಂದ ಹತ್ತು ವರ್ಷಕ್ಕೆ ನೂರು ಕೋಟಿ ಯೂರೊ ಮೀಸಲಿಟ್ಟು, 2020ರಲ್ಲಿ ಪ್ರಾಯೋಗಿಕ ಉತ್ಪಾದನಾ ಸಾಲನ್ನೂ ಆರಂಭಿಸಿತು. ಇಷ್ಟಾದರೂ ಅದು ಇನ್ನೂ ಸಿಲಿಕಾನಿನ ಬದಲಿಗೆ ನಿಂತಿಲ್ಲ.

ಎರಡನೆಯದು ಬಾಳಿಕೆ. ಸಂಶೋಧನಾ ಪ್ರಬಂಧಗಳಲ್ಲಿ ‘ಸಾವಿರ ಸಲ ಬಗ್ಗಿಸಿದರೂ ಏನೂ ಆಗಲಿಲ್ಲ’ ಎಂದು ಬರುತ್ತದೆ. ಮಣಿಕಟ್ಟು ಸಾವಿರ ಸಲ ಬಾಗಲು ಒಂದೆರಡು ದಿನ ಸಾಕು. ಎಷ್ಟೋ ಪೆರೊವ್‌ಸ್ಕೈಟ್ ಸೆನ್ಸರ್‌ಗಳನ್ನು ತಯಾರಿಸುವುದು ನೈಟ್ರೋಜನ್ ತುಂಬಿದ ಒಣ ಪೆಟ್ಟಿಗೆಯೊಳಗೆ. ಆಗುಂಬೆಯ ಆಷಾಢ, ದೋಹಾದ ಆಗಸ್ಟ್, ಉಪ್ಪು ಬೆವರು ಇವು ಮೂರೂ ಆ ಪೆಟ್ಟಿಗೆಯಲ್ಲಿಲ್ಲ. ಮೂರನೆಯದು ಸೀಸ. ಮೈಗಂಟುವ ಪಟ್ಟಿಯಲ್ಲಿ ವಿಷಧಾತು ಎಂದರೆ ಯಾರಾದರೂ ಹಿಂಜರಿಯುತ್ತಾರೆ. ಯುರೋಪಿನ ನಿಯಮದಲ್ಲಿ ಕೆಲವು ವಿನಾಯಿತಿ ಬಿಟ್ಟರೆ ಎಲೆಕ್ಟ್ರಾನಿಕ್ ಸಾಮಗ್ರಿಯಲ್ಲಿ ಸೀಸ ತೂಕದ ಶೇ 0.1 ಮೀರುವಂತಿಲ್ಲ. ಸೀಸದ ಬದಲು ತವರ ಹಾಕಿದರೆ ಗಾಳಿಗೆ ಬೇಗ ಕೆಡುತ್ತದೆ.

ಹೀಗಾಗಿ ಮುಂದಿನ ದೀಪಾವಳಿಗೆ ನೀವು ಊರಿಗೆ ಕಳಿಸುವ ವಾಚಿನೊಳಗೂ ಸಿಲಿಕಾನೇ ಇರುತ್ತದೆ. ಹೊಸ ಸೆನ್ಸರ್ ಮೊದಲು ಬರುವುದು ಸಿಲಿಕಾನ್‌ಗೆ ಕಣ್ಣೇ ಇಲ್ಲದ ಕಡೆ: 1,100 ನ್ಯಾನೊಮೀಟರಿಗಿಂತ ಉದ್ದದ ಅವಗೆಂಪು ಬೆಳಕಿನ ಕ್ಯಾಮೆರಾಗಳಲ್ಲಿ, ಆಸ್ಪತ್ರೆಯ ಪಟ್ಟಿಗಳಲ್ಲಿ. ಮನೆಬಳಕೆಗೆ ಆಮೇಲೆ.

ಯಾರ ಚರ್ಮದ ಮೇಲೆ ಪರೀಕ್ಷೆ?

ಈ ಬರಹದ ಮುಖ್ಯ ಮಾತು ಇದು. ಸೆನ್ಸರ್ ಎಷ್ಟೇ ಸೂಕ್ಷ್ಮವಾಗಿರಲಿ, ಬೆಳಕು ಮೊದಲು ಚರ್ಮ ದಾಟಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರುತ್ತದೆ. 2020ರ ಡಿಸೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಆಸ್ಪತ್ರೆ ದಾಖಲೆಗಳನ್ನು ತಿರುವಿ ಹಾಕಿತು. ಬೆರಳಿನ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ, ರಕ್ತ ತೆಗೆದು ನೋಡಿದರೆ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಮಿಷಿಗನ್ ವಿಶ್ವವಿದ್ಯಾಲಯ ಆಸ್ಪತ್ರೆಯ ಬಿಳಿಯ ರೋಗಿಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಉಪಕರಣ ‘ಪರವಾಗಿಲ್ಲ’ ಎನ್ನುತ್ತಿತ್ತು, ದೇಹ ಕುಸಿಯುತ್ತಿತ್ತು. ಬ್ರಿಟನ್‌ನಲ್ಲಿ ನೇಮಿಸಿದ್ದ ಸ್ವತಂತ್ರ ಸಮಿತಿಯೂ 2024ರ ಮಾರ್ಚ್‌ನಲ್ಲಿ ಇದೇ ಆತಂಕವನ್ನು ದಾಖಲಿಸಿತು.

ಹೀಗೇಕಾಯಿತು? ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗಸೂಚಿಯಲ್ಲಿ ಆಕ್ಸಿಮೀಟರ್ ಪರೀಕ್ಷೆಗೆ ಹತ್ತು ಮಂದಿ ಆರೋಗ್ಯವಂತರು ಸಾಕಿತ್ತು. ಅವರಲ್ಲಿ ಕಪ್ಪು ಚರ್ಮದವರು ಕನಿಷ್ಠ ಇಬ್ಬರು. 2025ರ ಜನವರಿಯ ಕರಡಿನಲ್ಲಿ ಇದನ್ನು 150 ಜನಕ್ಕೆ ಏರಿಸಿ, ಎಲ್ಲ ಚರ್ಮಬಣ್ಣದವರೂ ಇರಬೇಕೆಂದು ಹೇಳಲಾಗಿದೆ. ಇದು ಆಸ್ಪತ್ರೆಯ ಉಪಕರಣಗಳ ಮಾತು. ‘ಆರೋಗ್ಯ ಮಾಹಿತಿಗಾಗಿ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆದುಕೊಂಡ ವಾಚುಗಳಿಗೆ ಇದು ಅನ್ವಯಿಸುವುದಿಲ್ಲ.

ತೆಳು ಹೈಬ್ರಿಡ್ ಸೆನ್ಸರ್ ಇಲ್ಲಿ ನಿಜಕ್ಕೂ ನೆರವಾಗಬಲ್ಲದು. ಕಪ್ಪು ಚರ್ಮದಿಂದ ವಾಪಸು ಬರುವ ಮಂದ ಬೆಳಕನ್ನು ಹಿಡಿಯಲು ಅದಕ್ಕೆ ಶಕ್ತಿಯಿದೆ, ಮೈಗೆ ಅಂಟಿ ಕೂರುವುದರಿಂದ ಸಂದಿ ಇಲ್ಲ. ಆದರೆ ಮಂದ ಬೆಳಕನ್ನು ಹಿಡಿದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. ಬೆಳಕನ್ನು ಆಮ್ಲಜನಕದ ಅಂಕಿಗೆ ಇಳಿಸುವ ಕೋಷ್ಟಕವನ್ನು ಯಾರ ರಕ್ತದ ಜೊತೆ ಹೋಲಿಸಿ ಬರೆದರು ಎಂಬುದೇ ಕೊನೆಗೆ ಮುಖ್ಯ. ಬಾರ್ಸಿಲೋನಾದಲ್ಲಿ ಬರೆದ ಕೋಷ್ಟಕ ಬಳ್ಳಾರಿಯ ಹೊಲದಲ್ಲಿ ದುಡಿದ ಕೈಗೆ ತಾನಾಗಿ ಹೊಂದುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ, ನಮ್ಮ ಚರ್ಮಬಣ್ಣಗಳ ಮೇಲೆ ಪರೀಕ್ಷೆ ನಡೆಯದೆ ಈ ಪಟ್ಟಿಗಳನ್ನು ಮಾರಲು ಬಿಡಬಾರದು.

ಸದ್ಯಕ್ಕೆ ಮನೆಯವರು ಮಾಡಬಹುದಾದದ್ದು ಸರಳ. ವಾಚು ಗಾಬರಿಯ ಅಂಕಿ ತೋರಿಸಿದರೆ ಕೈ ಬಿಸಿ ಮಾಡಿಕೊಂಡು, ಬಣ್ಣ ಹಚ್ಚದ ಉಗುರಿನ ಬೆರಳಿಗೆ ಒಳ್ಳೆಯ ಆಕ್ಸಿಮೀಟರ್ ಹಾಕಿ ಐದು ನಿಮಿಷ ನೋಡಿ. ವಾಚು ‘ಎಲ್ಲ ಸರಿ’ ಎಂದರೂ ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ ಅಂಕಿಯನ್ನು ನಂಬಿ ಕೂರಬೇಡಿ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತದೆ ಎನ್ನುವ ವಾಚು, ಉಂಗುರಗಳನ್ನಂತೂ ಕೊಳ್ಳಲೇಬೇಡಿ. ಅಂಥದೊಂದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಅದೇ ಆಡಳಿತ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಸಂಚಕಾರ. ಇನ್ನೊಂದು ಸಣ್ಣ ವಿಷಯ: ಪೇಟೆಂಟ್ ವ್ಯಾಜ್ಯದಿಂದಾಗಿ 2024ರ ಜನವರಿಯಿಂದ ಅಮೆರಿಕದಲ್ಲಿ ಮಾರಿದ ಆ್ಯಪಲ್ ವಾಚುಗಳಲ್ಲಿ ಆಮ್ಲಜನಕ ಅಳೆಯುವ ಸೌಲಭ್ಯವನ್ನು ನಿಲ್ಲಿಸಲಾಗಿತ್ತು, 2025ರ ಆಗಸ್ಟ್‌ನಲ್ಲಿ ಬೇರೆ ರೂಪದಲ್ಲಿ ವಾಪಸು ಬಂತು. ಆ ನಡುವೆ ಅಲ್ಲಿಂದ ತಂದ ವಾಚಿನಲ್ಲಿ ಅಂಕಿ ಕಾಣದಿದ್ದರೆ ಅಪ್ಪನ ಕೈಯದಲ್ಲ ದೋಷ.

ಬಿಸಿಲಲ್ಲಿ ನಿಂತವನ ಲೆಕ್ಕ

ಈಗ ಗಲ್ಫ್‌ನ ಕಡೆ ನೋಡೋಣ. ಕತಾರ್ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸ ನಿಷೇಧಿಸಿದೆ. ಬಿಸಿಲು, ತೇವಾಂಶ, ಗಾಳಿ ಎಲ್ಲವನ್ನೂ ಕೂಡಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲೂ ಕೆಲಸ ನಿಲ್ಲಿಸಬೇಕು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ವಿರಾಮ. ಈ ನಿಯಮಗಳೆಲ್ಲ ಅಳೆಯುವುದು ಗಡಿಯಾರವನ್ನು ಅಥವಾ ಗಾಳಿಯನ್ನು, ಮೇಸ್ತ್ರಿಯ ಮೈಯನ್ನಲ್ಲ. ಒಂದೇ ಬಿಸಿಲು ಇಪ್ಪತ್ತೈದರ ಹುಡುಗನಿಗೆ ಒಂದು ಬಗೆ, ಬಿಪಿ ಮಾತ್ರೆ ನುಂಗುವ ಐವತ್ತರವನಿಗೆ ಇನ್ನೊಂದು ಬಗೆ. ಬೆವರಿನಲ್ಲೂ ಅಂಟಿಕೊಂಡಿರುವ ಪಟ್ಟಿಯೊಂದು ನಾಡಿಬಡಿತ ಏರಿ ಇಳಿಯದಿರುವುದನ್ನು ಗುರುತಿಸಿ ‘ಕೂತುಕೋ’ ಎಂದು ಎಚ್ಚರಿಸಿದರೆ ಜೀವ ಉಳಿಯುತ್ತದೆ.

ಅದೇ ಪಟ್ಟಿಯ ಮಾಹಿತಿ ಕಂಪನಿಯ ಕಚೇರಿಗೆ ಹೋದರೆ? ಇದು ಊಹೆಯ ಭಯವಲ್ಲ. ಗಲ್ಫ್ ದಾರಿ ಹಿಡಿದ ಪ್ರತಿ ಮನೆಗೂ ‘ಅನ್‌ಫಿಟ್’ ಎಂಬ ಪದದ ಭಾರ ಗೊತ್ತು. ಹಿಂದೆ ಗಾಮ್ಕಾ ಎನ್ನುತ್ತಿದ್ದ, ಈಗ ವಾಫಿದ್ ಎಂಬ ವ್ಯವಸ್ಥೆಯಡಿ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಯ ಒಂದು ಕಲೆ ವೀಸಾ ತಪ್ಪಿಸಬಲ್ಲದು. ಅದು ಹೊರಡುವ ಮುನ್ನ ಮತ್ತು ತಲುಪಿದ ಮೇಲೆ ನಡೆಯುವ ಪರೀಕ್ಷೆ. ಮೈಗಂಟಿದ ಪಟ್ಟಿ ದಿನದ 24 ಗಂಟೆ ನಡೆಯುವ ಪರೀಕ್ಷೆ. ಒಪ್ಪಂದ ನವೀಕರಣದ ಹೊತ್ತಿಗೆ ‘ಇವನ ಹೃದಯ ಬೇಗ ದಣಿಯುತ್ತದೆ’ ಎಂಬ ಸಾಲು ಯಾರದೋ ಪರದೆಯ ಮೇಲೆ ಬಂದರೆ, ಏಕೆ ಕೈಬಿಟ್ಟರು ಎಂಬುದೂ ಅವನಿಗೆ ತಿಳಿಯಲಿಕ್ಕಿಲ್ಲ.

ಯುಎಇ ತನ್ನ 2019ರ ಕಾನೂನಿನಲ್ಲಿ ಆರೋಗ್ಯ ಮಾಹಿತಿಯನ್ನು ದೇಶದ ಹೊರಗೆ ಕಳಿಸುವುದನ್ನು ನಿರ್ಬಂಧಿಸಿದೆ. ಯುರೋಪಿನಲ್ಲಿ ಆರೋಗ್ಯ ಮಾಹಿತಿಗೆ ವಿಶೇಷ ರಕ್ಷಣೆಯಿದೆ. ಭಾರತದ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಆರೋಗ್ಯ ಮಾಹಿತಿಯನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿಲ್ಲ. ಫೋನ್ ನಂಬರಿಗೂ ಹೃದಯದ ಬಡಿತಕ್ಕೂ ಅಲ್ಲಿ ಹೆಚ್ಚುಕಡಿಮೆ ಒಂದೇ ಸ್ಥಾನ. ಕಾರ್ಮಿಕರ ಒಪ್ಪಂದ ಪತ್ರದಲ್ಲಿ ಇಂಥ ಉಪಕರಣದ ಪ್ರಸ್ತಾಪ ಬಂದಾಗ ಮಾಹಿತಿ ಸೈಟಿನ ಸುರಕ್ಷತಾ ಅಧಿಕಾರಿಯಲ್ಲಿ ನಿಲ್ಲುತ್ತದೆಯೇ, ನೇಮಕಾತಿ ವಿಭಾಗಕ್ಕೆ ಹೋಗುತ್ತದೆಯೇ ಎಂದು ಕೇಳಬೇಕು. ಒಬ್ಬೊಬ್ಬ ಕಾರ್ಮಿಕ ಕೇಳುವುದು ಕಷ್ಟ. ಅನಿವಾಸಿ ಕನ್ನಡಿಗರ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಅತಿಥಿಯಾಗಿ ಕರೆಯುವ ರಾಜತಾಂತ್ರಿಕರ ಮುಂದೆ ಈ ಪ್ರಶ್ನೆಯನ್ನೂ ಇಡಬಹುದು.

ಓದಲು ಹೋಗುವವರಿಗೆ

ಈ ಕ್ಷೇತ್ರದಲ್ಲಿ ಪಿಎಚ್‌.ಡಿ ಮಾಡಲು ಹೊರಟ ಮಕ್ಕಳು ನಮ್ಮಲ್ಲೂ ಇದ್ದಾರೆ. ಪಾಲಕರು ಹೆಸರು ನೋಡಿ ಮರುಳಾಗುವುದಕ್ಕಿಂತ ಪ್ರಯೋಗಾಲಯ ನೋಡುವುದು ಮೇಲು. ಒಂದು ಚೂರು ಸೆನ್ಸರ್ ಮಾಡಿ ಪ್ರಬಂಧ ಬರೆಯುವ ತಂಡವೇ, ಬಿಲ್ಲೆಯಗಲ ಬೆಳೆಸಿ ಕಂಪನಿಯ ಜೊತೆ ಕೆಲಸ ಮಾಡುವ ತಂಡವೇ? ಮುಂದೆ ಕೆಲಸ ಸಿಗುವುದು ಎರಡನೆಯದರಲ್ಲಿ ಹೆಚ್ಚು. ಆಕೆನ್ ಸುತ್ತಮುತ್ತ ಈ ಹಾಳೆ ಬೆಳೆಸುವ ಯಂತ್ರಗಳ ತಯಾರಕರೇ ಇದ್ದಾರೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಕೇಂದ್ರವಿದೆ. ತುವಲ್‌ನ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯ ಪೆರೊವ್‌ಸ್ಕೈಟ್‌ನಲ್ಲಿ ಹೆಸರು ಮಾಡಿದೆ.

ಬೆಂಗಳೂರಿನಲ್ಲೇ ಉಳಿಯಬಾರದೇ ಎಂದು ಕೇಳುವವರಿಗೂ ಉತ್ತರವಿದೆ, ಅರ್ಧ ಉತ್ತರ. ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 30 ವಿಜ್ಞಾನಿಗಳು ಇಂಥ ಅಣುದಪ್ಪದ ವಸ್ತುಗಳಿಂದ ಚಿಪ್ ಮಾಡುವ ಯೋಜನೆಯೊಂದನ್ನು 2022ರಲ್ಲಿ ಕೇಂದ್ರಕ್ಕೆ ಸಲ್ಲಿಸಿ, 2024ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿ ಮತ್ತೆ ಕೊಟ್ಟರು. ಕೇಳಿದ್ದು ಐದು ವರ್ಷಕ್ಕೆ 500 ಕೋಟಿ ರೂಪಾಯಿ. ದೇಶದ ಸೆಮಿಕಂಡಕ್ಟರ್ ಯೋಜನೆಗೆ 2021ರಲ್ಲಿ ಇಟ್ಟ ಹಣ 76,000 ಕೋಟಿ. ಅದರ ಬಹುಪಾಲು ಬೇರೆಯವರು ಆಗಲೇ ಕರಗತ ಮಾಡಿಕೊಂಡ ಸಿಲಿಕಾನ್ ತಂತ್ರಜ್ಞಾನವನ್ನು ಇಲ್ಲಿಗೆ ತರುವುದಕ್ಕೆ. ಅದೂ ಬೇಕು, ತಕರಾರಿಲ್ಲ. ಆದರೆ 2013ರಲ್ಲೇ ಜಗತ್ತು ತಿರುಗಿ ನೋಡುವಂಥ ಕೆಲಸ ಮಾಡಿದ ಊರಿಗೆ ಇಷ್ಟು ಕಾಯಿಸುವುದು ಯಾವ ಲೆಕ್ಕಾಚಾರವೋ ತಿಳಿಯದು.

ಹೊರಡುವವರಿಗೆ ಒಂದು ಕಾಗದದ ವಿಷಯ. ಬ್ರಿಟನ್‌ನಲ್ಲಿ ವಸ್ತುವಿಜ್ಞಾನ, ಭೌತವಿಜ್ಞಾನದಂಥ ವಿಷಯಗಳ ಸಂಶೋಧನೆಗೆ ಹೋಗುವ ಭಾರತೀಯರು ಈಗಿನ ನಿಯಮದಂತೆ ವೀಸಾಕ್ಕೆ ಮುಂಚೆ ‘ಅಟಾಸ್’ ಎಂಬ ಅನುಮತಿ ಪತ್ರ ಪಡೆಯಬೇಕು. ಬೆಳಕಿನ ಸೆನ್ಸರ್ ಮಿಲಿಟರಿ ಕ್ಯಾಮೆರಾಗಳಿಗೂ ಬಳಕೆಯಾಗುವ ತಂತ್ರಜ್ಞಾನವಾದ್ದರಿಂದ ಈ ಜರಡಿ. ಶುಲ್ಕವಿಲ್ಲ, ಆದರೆ ವಾರಗಟ್ಟಲೆ ಹಿಡಿಯುತ್ತದೆ, ಸಂಶೋಧನೆಯ ವಿವರವನ್ನು ಮಾರ್ಗದರ್ಶಕರಿಂದಲೇ ಬರೆಸಿಕೊಳ್ಳಬೇಕು. ಅಮೆರಿಕದ ಕಾನ್ಸುಲೇಟ್‌ಗಳಲ್ಲೂ ಇಂಥ ವಿಷಯದ ಅರ್ಜಿಗಳು ಹೆಚ್ಚುವರಿ ಪರಿಶೀಲನೆಗೆ ಹೋಗಿ ತಿಂಗಳುಗಟ್ಟಲೆ ನಿಲ್ಲುವುದುಂಟು. ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿ. ವಿಮಾನದ ಟಿಕೆಟ್, ಬೀಳ್ಕೊಡುಗೆ ಊಟ ಎಲ್ಲ ಆ ಕಾಗದ ಕೈಗೆ ಬಂದ ಮೇಲೆ.